ಕೇಳಿ ತಂದ ಗಿಡ ಏಳುವುದಿಲ್ಲ

ನಮ್ಮ ಕಡೆ ಹೂವಿನ ಗಿಡವನ್ನು ಯಾರೂ ಕೇಳಿ ತರುವುದಿಲ್ಲ, ಕದ್ದು ತರುತ್ತಾರೆ. ಕೇಳಿ ತಂದ ಗಿಡ ಏಳುವುದಿಲ್ಲ, ಕದ್ದು ತಂದದ್ದು ಒಣಕಡ್ಡಿಯಾದರೂ ಚಿಗುರುತ್ತದೆ ಎಂದು ಹೆತ್ತೂರಿನಿಂದ ಆಲೂರಿನವರೆಗೆ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಹೇಳುತ್ತಾಳೆ. ಆದರೆ ಈ ಕಳ್ಳತನಕ್ಕೂ ಒಂದು ರೀತಿ ನೀತಿ ಇದೆ. ಗಿಡ ಬೇಕಾದವಳು ಗಿಡದ ಮಾತೆತ್ತಬಾರದು. ಹೊಗಳಬಾರದು, ಎಲ್ಲಿಂದ ತಂದಿರಿ ಎಂದು ವಿಚಾರಿಸಬಾರದು. ಅದರ ಹತ್ತಿರ ಸುಮ್ಮನೆ ಒಂದಷ್ಟು ಹೊತ್ತು ನಿಂತು, ಆಮೇಲೆ ಜಗಲಿಗೆ ಬಂದು ಕೂತು, "ಯಾಕೋ ಬಾಯಾರ್ತೈತೆ, ಒಂದ್ಲೋಟ ಕಾಪಿ ಕಾಯ್ಸು" ಅನ್ನಬೇಕು. ಮನೆಯವಳಿಗೆ ಅಷ್ಟು ಸಾಕು. ಅವಳು ಒಳಗೆ ಹೋಗುತ್ತಾಳೆ, ಆ ದಿನ ಕಾಫಿ ಕಾಯುವುದು ತಡವಾಗುತ್ತದೆ. ಡಬ್ಬಗಳನ್ನು ಸದ್ದು ಮಾಡುತ್ತಾಳೆ, ಇಲ್ಲದ ಬೆಕ್ಕನ್ನು ಗದರುತ್ತಾಳೆ, ಹೊರಗೆ ಬರುವ ಮೊದಲು ಒಮ್ಮೆ ಕೆಮ್ಮುತ್ತಾಳೆ. ಅಷ್ಟರಲ್ಲಿ ಗಡ್ಡೆ ಚೀಲ ಸೇರಿರಬೇಕು. ಕಾಫಿ ಕುಡಿಯುವಾಗ ಇಬ್ಬರೂ ಆ ಗಿಡದ ಕಡೆ ತಿರುಗಿ ನೋಡುವುದಿಲ್ಲ.

ಗಂಡಸರಿಗೆ ಇದೆಲ್ಲ ಗೊತ್ತಿಲ್ಲ. ಅವರು ಬರೀ ಕಾಫಿ ಕುಡಿದವರು.

ಇದನ್ನು ಹುಚ್ಚಾಟ ಅಂದುಕೊಳ್ಳಬೇಡಿ, ಇದರ ಹಿಂದೆ ಲೆಕ್ಕಾಚಾರ ಇದೆ. ನಮ್ಮ ಮಳೆಗೆ ಯಾವ ಗಡ್ಡೆ ಯಾವ ವರ್ಷ ಕೊಳೆಯುತ್ತದೆ ಎಂದು ಹೇಳಲಾಗದು. ನಾಲ್ಕು ಮನೆಗೆ ಹೋದ ಗಡ್ಡೆ ಒಂದು ಮನೆಯಲ್ಲಾದರೂ ಉಳಿಯುತ್ತದೆ. ನಮ್ಮದು ಹೋದರೆ, ಕದ್ದುಕೊಂಡು ಹೋದವಳ ಜಗಲಿಗೆ ಹೋಗಿ ಕೂತು ಬಾಯಾರಿದೆ ಅಂದರಾಯಿತು. ಬಿಗಿಹಿಡಿದವಳ ಹೂವು ಬೇಗ ನಾಶವಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅವಳು ಹೇಳುತ್ತಿದ್ದದ್ದು ಡೇರೆಯ ವಿಷಯ.

ಡೇರೆ ಅಂದರೆ ಪೇಟೆಯವರು ಡೇಲಿಯಾ ಅನ್ನುವ ಹೂವು. ಯುಗಾದಿಯ ಸುಮಾರಿಗೆ ಕಾಫಿ ಹೂವಿನ ಮಳೆ ಬಿದ್ದ ಮೇಲೆ ಅದರ ಗಡ್ಡೆ ತಾನೇ ತಾನಾಗಿ ಮೊಳೆಯುತ್ತದೆ. ಆಷಾಢದಲ್ಲಿ ಎದೆಯೆತ್ತರ ಬೆಳೆದು, ಶ್ರಾವಣ ಭಾದ್ರಪದದಲ್ಲಿ ಅಂಗಳ ತುಂಬ ಅರಳಿ, ದೀಪಾವಳಿ ಕಳೆದ ಮೇಲೆ ಒಣಗಿ ನೆಲಕ್ಕೆ ಬೀಳುತ್ತದೆ. ಮುಂದಿನ ಮಳೆಯವರೆಗೆ ಮಣ್ಣಿನೊಳಗೆ ಮಲಗಿರುತ್ತದೆ. ಮಳೆಯಲ್ಲಿ ಊರೆಲ್ಲ ಪಾಚಿ ಹಿಡಿದು ಕೂತಿರುವಾಗ ಅರಳುವ ಹೂವು ಅದು, ಅದಕ್ಕೇ ನಮ್ಮ ಹೆಂಗಸರಿಗೆ ಅದರ ಮೇಲೆ ಅಷ್ಟು ಜೀವ. ಹಳದಿ, ಬಿಳಿ, ಗುಲಾಬಿ ಡೇರೆ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಅವ್ವನ ಅಂಗಳದಲ್ಲಿದ್ದದ್ದು ಕರಿ ಡೇರೆ. ಪೂರ್ತಿ ಕಪ್ಪಲ್ಲ, ಕಡುಗೆಂಪು. ಮೋಡ ಕವಿದ ದಿನ ಮಾತ್ರ ಕಪ್ಪಾಗಿ ಕಾಣುತ್ತಿತ್ತು. ಹೊಸ ಮದುವಣಗಿತ್ತಿಯಾಗಿ ಬಂದ ವರ್ಷ ಹೊಂಗಡಹಳ್ಳದ ತನ್ನ ಚಿಕ್ಕಮ್ಮನ ಮನೆಯಿಂದ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ತಂದಿದ್ದಳಂತೆ. ಆ ಕಥೆ ಹೇಳುವಾಗಲೂ ಅವ್ವ ದನಿ ತಗ್ಗಿಸುತ್ತಿದ್ದಳು, ಚಿಕ್ಕಮ್ಮ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ.

ಅಣ್ಣನನ್ನು ಮದುವೆಯಾಗಿ ನಮ್ಮ ತವರಿಗೆ ಬಂದ ಅತ್ತಿಗೆಯೂ ಇದೇ ಸೀಮೆಯವರು. ಮದುವೆಗೆ ಮುಂಚೆ ಅವರ ತಾಯಿಯ ಜೊತೆ ಒಮ್ಮೆ ನಮ್ಮ ಮನೆಗೆ ಬಂದಾಗ, ಆ ತಾಯಿ ಕಾಫಿ ಕೇಳಿದ್ದು, ಅವ್ವ ಒಳಗೆ ಹೋಗಿ ತಡ ಮಾಡಿದ್ದು ನನಗೆ ನೆನಪಿದೆ. ಗಡ್ಡೆ ಕಿತ್ತದ್ದು ಅತ್ತಿಗೆ. ನಾನು ಕಿಟಕಿಯಿಂದ ನೋಡಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅತ್ತಿಗೆಗೆ ಈ ಪದ್ಧತಿ ಗೊತ್ತಿರಲಿಲ್ಲ ಎಂದು ಆಮೇಲೆ ಯಾರೂ ನನಗೆ ಹೇಳಬಾರದು.

ಅವ್ವ ತೀರಿಕೊಂಡ ವರ್ಷವೇ ಅಣ್ಣ ಮನೆಯನ್ನು ಹೋಂಸ್ಟೇ ಮಾಡಿದ. ಮಾಡಲಿ, ಅವನ ಮನೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ, ನಾನು ಅದಕ್ಕೆ ಬಾಯಿ ಹಾಕಲಿಲ್ಲ. ಬಿಸಿಲೆ ಘಾಟಿ ನೋಡಲು ಬರುವವರಿಗೆ ಕಾರು ನಿಲ್ಲಿಸಲು ಜಾಗ ಬೇಕೆಂದು ಮುಂದಿನ ಅಂಗಳಕ್ಕೆ ಸಿಮೆಂಟಿನ ಕಲ್ಲು ಹಾಸಿಸಿದ. ಡೇರೆಯ ಮಡಿ ಇದ್ದ ಕಡೆ ಮಾತ್ರ ಒಂದಿಷ್ಟು ಮಣ್ಣು ಉಳಿದಿತ್ತು. ಅದನ್ನೂ ಅಗೆಸಿ, ಹಳೆ ಮಣ್ಣನ್ನು ಹಿತ್ತಲ ನೀರಿನ ತೊಟ್ಟಿಯ ಪಕ್ಕ ಸುರಿಸಿ, ಹೊಸ ಮಣ್ಣು ತುಂಬಿಸಿ, ಟುಲಿಪ್ ಹಾಕಿಸಿದ.

ಹೌದು, ಟುಲಿಪ್. ಹೆತ್ತೂರಿನಲ್ಲಿ.

ಫೋನಿನಲ್ಲೇ ಆರ್ಡರ್ ಮಾಡಿ ತರಿಸಿದ ಗಡ್ಡೆಗಳು ನೋಡಲು ಈರುಳ್ಳಿಯ ಹಾಗೆಯೇ ಇದ್ದವಂತೆ. ನಮ್ಮ ಚಳಿ ಅವಕ್ಕೆ ಸಾಲದೆಂದು ವಾರಗಟ್ಟಲೆ ಫ್ರಿಜ್ಜಿನಲ್ಲಿ ಇಡಬೇಕಾಗಿತ್ತು. ಹಾಲು, ಮೊಸರು, ದೋಸೆ ಹಿಟ್ಟು ಎಲ್ಲ ಹೊರಗೆ, ಟುಲಿಪ್ ಒಳಗೆ. ಅಂತೂ ಹೊಸ ವರ್ಷದ ಹೊತ್ತಿಗೆ ಗೇಣುದ್ದದ ದಂಟಿನ ಮೇಲೆ ಹೂವು ಬಂದವು. ಚೆನ್ನಾಗಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಬಣ್ಣ ಚೆನ್ನಾಗಿತ್ತು. ಬಂದವರೆಲ್ಲ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡರು. ನಾನು ಹೋದಾಗ ಅಣ್ಣ ಹೆಮ್ಮೆಯಿಂದ ತೋರಿಸಿದ.

"ನೋಡು, ಇನ್ಮೇಲೆ ಕಾಶ್ಮೀರಕ್ಕೆ ಹೋಗೋದೇ ಬ್ಯಾಡ" ಅಂದ.

"ಅವ್ವನ ಡೇರೆ ಎಲ್ಲಣ್ಣ?" ಅಂದೆ.

"ಎಲ್ಲೋ ಹಾಕಿರ್ತಾರೆ ಬುಡು. ಮಳೇಲಿ ಯಾವ ಗೆಸ್ಟು ಅಂಗಳಕ್ಕೆ ಇಳೀತಾನೆ? ನೋಡೋರು ಇಲ್ದೇ ಇರೋ ಕಾಲದಾಗೆ ಅರಳೋ ಗಿಡ ಕಟ್ಕೊಂಡು ನಾನೇನ್ ಮಾಡ್ಲಿ?"

ಅವ್ವ ನೋಡುತ್ತಿದ್ದಳಲ್ಲ ಅನ್ನಬೇಕೆನಿಸಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಆ ಮಳೆಗಾಲದಲ್ಲಿ ಎರಡು ಸಂಗತಿ ನಡೆದವು. ಒಂದು, ಅತ್ತಿಗೆ ಟುಲಿಪ್ ಗಡ್ಡೆಗಳನ್ನು ನೆಲದಲ್ಲೇ ಬಿಟ್ಟಿದ್ದರು. ಬೇಸಿಗೆಯಲ್ಲಿ ಅದರ ಎಲೆ ಒಣಗಿದ್ದನ್ನು ನೋಡಿ, ಡೇರೆಯ ಹಾಗೆಯೇ ಇದೂ ಮಲಗಿತು ಎಂದುಕೊಂಡು, ಮೇಲೆ ಸಗಣಿ ಗೊಬ್ಬರ ಹಾಕಿ, ತರಗೆಲೆ ಹೊದಿಸಿ, ಮಳೆಗಾಗಿ ಕಾದಿದ್ದರು. ನಮ್ಮ ಕಡೆಯ ಯಾವ ಹೆಂಗಸಾದರೂ ಹಾಗೆಯೇ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ. ಆಷಾಢ ಬಂದರೂ ಒಂದೂ ಮೊಳೆಯಲಿಲ್ಲ. ಅಗೆದು ನೋಡಿದರೆ ಗಡ್ಡೆಯ ಜಾಗದಲ್ಲಿ ನಾರುವ ಲೋಳೆ. ಅಣ್ಣ ಗೆಸ್ಟುಗಳ ಎದುರೇ ಬೈದನಂತೆ. ಅತ್ತಿಗೆ ನನಗೆ ಫೋನ್ ಮಾಡಿ ಅಳುವ ದನಿಯಲ್ಲಿ ಹೇಳಿದ್ದು ಇಷ್ಟು: "ಗಡ್ಡೆ ಅಂದ್ಮೇಲೆ ನೆಲದಾಗೆ ಮಲಗಿ ಏಳ್ಬೇಕು ಕಣೇ. ಏಳದೇ ಇರೋ ಗಡ್ಡೆನೂ ಇರ್ತೈತೆ ಅಂತ ನಂಗೇನ್ ಗೊತ್ತು?" ಆ ದಿನ ನನಗೆ ಅವರ ಮೇಲೆ ನಿಜವಾಗಿ ಕನಿಕರ ಹುಟ್ಟಿತು. ಅಣ್ಣ ಮುಂದಿನ ಚಳಿಗಾಲಕ್ಕೆ ಬೇರೆ ಗಡ್ಡೆ ತರಿಸಿದ.

ಇನ್ನೊಂದು, ಅದೇ ಮಳೆಗೆ ನನ್ನ ಮನೆಯ ಕರಿ ಡೇರೆಯೂ ಕೊಳೆಯಿತು. ನಾನು ಮದುವೆಯಾಗಿ ಆಲೂರಿನ ಕಡೆಗೆ ಬಂದಾಗ ತಂದಿದ್ದ ಗಡ್ಡೆ ಅದು. ಬಾವಿಯ ಬಳಿ ಇಷ್ಟು ವರ್ಷ ಚೆನ್ನಾಗಿತ್ತು. ಆ ಸಲ ಮಳೆ ಹಿಡಿದದ್ದು ಬಿಡಲೇ ಇಲ್ಲ, ಬುಡದಲ್ಲಿ ನೀರು ನಿಂತಿತು. ಪದ್ಧತಿಯ ಪ್ರಕಾರ ನನ್ನಿಂದ, ಅವ್ವನಿಂದ ಕದ್ದವರ ಮನೆಗಳಿಗೆ ಹೋದೆ. ಒಬ್ಬಳು ಅಂಗಳಕ್ಕೆಲ್ಲ ಹುಲ್ಲುಹಾಸು ಹಾಕಿಸಿದ್ದಳು. ಇನ್ನೊಬ್ಬಳದ್ದನ್ನು ಕಾಡುಹಂದಿ ಅಗೆದು ತಿಂದಿತ್ತು. ಹೊಂಗಡಹಳ್ಳದ ಮೂಲದ ಮನೆಯಲ್ಲಿ ಈಗ ಯಾರೋ ಹೊರಗಿನವರು ಇದ್ದಾರೆ, ಅವರ ಬಾಗಿಲಲ್ಲಿ ಬಣ್ಣ ಹಾಕಿದ ಕುಂಡಗಳಲ್ಲಿ ಎಂಥದೋ ಹೂವಿಲ್ಲದ ಗಿಡಗಳು. ಅತ್ತಿಗೆಯ ತಾಯಿ ಒಯ್ದದ್ದು ಎಂದೋ ಕೊಳೆತಿತ್ತಂತೆ. ಉಳಿದದ್ದು ನನ್ನ ತವರೊಂದೇ. ಅಲ್ಲಿ ಇಲ್ಲದಿದ್ದರೆ ಕರಿ ಡೇರೆ ಇನ್ನೆಲ್ಲೂ ಇಲ್ಲ.

ಕಾಫಿ ಹೂವಿನ ಮಳೆ ಬಿದ್ದು ಹದವಾದ ಮೇಲೆ, ಹಲಸಿನ ಹಪ್ಪಳದ ನೆವ ಮಾಡಿಕೊಂಡು ಸಕಲೇಶಪುರಕ್ಕೆ ಹೋಗಿ ಹೆತ್ತೂರಿನ ಬಸ್ಸು ಹತ್ತಿದೆ. ಅಣ್ಣ ತೋಟದಲ್ಲಿದ್ದ. ಅತ್ತಿಗೆ ಹಿಂದಿನ ಜಗಲಿಯಲ್ಲಿ ಗೆಸ್ಟುಗಳ ಹೊದಿಕೆ ಮಡಿಸುತ್ತಿದ್ದರು. ನಾನು ಕೈಕಾಲು ತೊಳೆಯುವ ಹಾಗೆ ನೀರಿನ ತೊಟ್ಟಿಯ ಹತ್ತಿರ ಹೋದೆ. ಎರಡು ವರ್ಷದ ಹಿಂದೆ ಸುರಿದ ಮಣ್ಣಿನ ಗುಡ್ಡೆ ಹಾಗೇ ಇತ್ತು. ಅದರ ಮೇಲೆ, ಕಳೆಯ ನಡುವೆ, ನೇರಳೆ ದಂಟಿನ ಮೊಳಕೆಗಳು. ಉಳಿದ ಡೇರೆಗಳ ದಂಟು ಹಸಿರು, ಕರಿ ಡೇರೆಯದ್ದು ಮಾತ್ರ ಹುಟ್ಟುವಾಗಲೇ ನೇರಳೆ. ಅವ್ವ ಸತ್ತಾಗ ಎಲ್ಲರೆದುರು ಗಟ್ಟಿಯಾಗಿದ್ದವಳು ನಾನು. ಆ ಮೊಳಕೆ ಕಂಡು ಕಣ್ಣಲ್ಲಿ ನೀರು ಬಂತು, ಮುಖ ತೊಳೆದುಕೊಂಡೆ.

ಜಗಲಿಗೆ ಬಂದು ಕೂತು ಅಂದೆ: "ಅತ್ತಿಗೆ, ಯಾಕೋ ಬಾಯಾರ್ತೈತೆ. ಒಂದ್ಲೋಟ ಕಾಪಿ ಕಾಯ್ಸಿ."

ಅವರ ಕೈ ನಿಂತಿತು. ನನ್ನನ್ನು ನೋಡಿದರು, ತೊಟ್ಟಿಯ ಕಡೆ ನೋಡಿದರು. "ಕಾಯ್ಸ್ತೀನಿ ಕೂತ್ಕೊ" ಎಂದು ಒಳಗೆ ಹೋದರು. ಒಳಗಿನಿಂದ "ಸಕ್ರೆ ಡಬ್ಬ ಎಲ್ಲಿ ಮಡಗಿದ್ನೋ" ಎಂದು ಜೋರಾಗಿ ಹೇಳಿದ್ದು ಕೇಳಿಸಿತು. ನಾನು ಎದ್ದು ಹೋಗಿ, ಬೆರಳಿನಿಂದ ಮಣ್ಣು ಕೆದಕಿ, ಮೊಳಕೆಯ ಕಣ್ಣು ಮುರಿಯದ ಹಾಗೆ ಒಂದು ಗೊಂಚಲು ಗಡ್ಡೆ ಬಿಡಿಸಿಕೊಂಡು ಚೀಲಕ್ಕೆ ಹಾಕಿದೆ. ಉಳಿದವಕ್ಕೆ ಮಣ್ಣು ಮುಚ್ಚಿದೆ. ವಾಪಸು ಬಂದು ಕೂತ ಮೇಲೆ ಒಳಗೆ ಕೆಮ್ಮು ಕೇಳಿಸಿತು. ಆಮೇಲೆ ಕಾಫಿ ಬಂತು. ಇಬ್ಬರೂ ಮಳೆಯ ಬಗ್ಗೆ ಮಾತಾಡಿದೆವು. ಬಸ್ಸಿನಲ್ಲಿ ಕೂತಾಗ, ಅವ್ವ ಹೋದ ಮೇಲೂ ನನಗೆ ತವರು ಇದೆ ಅನ್ನಿಸಿತ್ತು.

ಸಂಜೆ ಬಾವಿಯ ಹತ್ತಿರ ಎತ್ತರದ ಜಾಗ ನೋಡಿ ಗಡ್ಡೆ ನೆಡುತ್ತಿದ್ದೆ. ಜಗಲಿಯ ಮೇಲಿದ್ದ ಫೋನು ಸದ್ದು ಮಾಡುತ್ತಲೇ ಇತ್ತು. ಕೈ ತೊಳೆದು ಬಂದು ನೋಡಿದರೆ, ನಮ್ಮ ನೆಂಟರಿಷ್ಟರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಅಣ್ಣ ಒಂದು ವಿಡಿಯೋ ಹಾಕಿದ್ದ. ಗೆಸ್ಟುಗಳಿಗೆಂದು ಹಿತ್ತಲಲ್ಲೂ ಕ್ಯಾಮೆರಾ ಹಾಕಿಸಿದ್ದನಂತೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ ಒಬ್ಬ ಹೆಂಗಸು ಆ ಕಡೆ ಈ ಕಡೆ ನೋಡುತ್ತಾಳೆ, ಕುಕ್ಕರಿಸುತ್ತಾಳೆ, ಏನನ್ನೋ ಕಿತ್ತು ಚೀಲದಲ್ಲಿ ಬಚ್ಚಿಡುತ್ತಾಳೆ. ಹಿಂದಿನಿಂದ ನಾನು ಅಷ್ಟು ಮುದುಕಿಯಾಗಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಅಣ್ಣ ಬರೆದಿದ್ದ: "ಕಳ್ಳಿ ಸಿಕ್ಕಿಬಿದ್ದಳು. ಕೇಳಿದ್ರೆ ಕೊಡ್ತಿರ್ಲಿಲ್ವಾ?" ಅದರ ಕೆಳಗೆ ಹಲ್ಲು ಕಿರಿಯುವ ಮುಖಗಳ ಸಾಲು.

ವಿಡಿಯೋದಲ್ಲಿ ಸದ್ದಿರಲಿಲ್ಲ. ಸಕ್ಕರೆ ಡಬ್ಬದ ಮಾತಿಲ್ಲ, ಕೆಮ್ಮೂ ಇಲ್ಲ.

ಅಣ್ಣನಿಗೆ ಅದು ತಮಾಷೆ. ಅವನು ಚಿಕ್ಕಂದಿನಿಂದಲೂ ಹಾಗೆಯೇ, ಬೇರೆಯವರ ಮಾನದಲ್ಲಿ ತಮಾಷೆ ಮಾಡುವವನು. ಆದರೆ ಆ ಗುಂಪಿನಲ್ಲಿ ನನ್ನ ಮಗಳ ಅತ್ತೆಯೂ ಇದ್ದರು. ಅವರು ಬಯಲುಸೀಮೆಯವರು, ಒಳ್ಳೆಯವರೇ. "ಬೀಗರೇ, ಹೇಳಿದ್ದರೆ ನಾವೇ ನರ್ಸರಿಯಿಂದ ತಂದುಕೊಡುತ್ತಿದ್ದೆವಲ್ಲ" ಎಂದು ಬರೆದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಯವರಿಗೆ ತೋರಿಸಿದೆ, ಅವರು ನೋಡಿ, "ಒಂದ್ ಮಾತು ಕೇಳ್ಬಾರ್ದಿತ್ತಾ ಮಾರಾಯ್ತಿ?" ಅಂದರು. ನಲವತ್ತು ಮನೆಯ ಕಾಫಿ ಕುಡಿದ ಗಂಡಸು.

ಒಂದೇ ಒಂದು ಮಾತು ಸಾಕಿತ್ತು. "ನಾನೇ ಒಳಗೆ ಹೋಗಿ ಬಿಟ್ಟುಕೊಟ್ಟೆ" ಎಂದು ಅತ್ತಿಗೆ ಬರೆದಿದ್ದರೆ ನಮ್ಮ ಕಡೆಯ ಹೆಂಗಸರೆಲ್ಲ ನಕ್ಕು ಅಲ್ಲಿಗೇ ಮುಗಿಸುತ್ತಿದ್ದರು. ಅವರು ನೋಡಿದ್ದರು, ನೋಡಿದವರ ಹೆಸರು ಫೋನೇ ತೋರಿಸುತ್ತದೆ. ನಾನು ಕಾದೆ. ನಾನೇ ಬರೆಯಬಹುದಿತ್ತಲ್ಲ ಅನ್ನಬಹುದು. ಬರೆಯುವ ಹಾಗಿಲ್ಲ. ಕದ್ದವಳು ಬಾಯಿಬಿಟ್ಟರೆ ಗಿಡ ಏಳುವುದಿಲ್ಲ, ಬಿಡದಿದ್ದರೆ ನಾನು ಕಳ್ಳಿ. ಇಂಥ ನಂಬಿಕೆಯೆಲ್ಲ ಸುಳ್ಳು ಎಂದು ನನಗೂ ಗೊತ್ತು, ನಾನೂ ಕಾಲೇಜಿನ ಮೆಟ್ಟಿಲು ಹತ್ತಿದವಳು. ಆದರೆ ಅದು ಅವ್ವನ ಕೊನೆಯ ಗಡ್ಡೆ, ಅದರ ಮೇಲೆ ನನ್ನ ತಿಳಿವಳಿಕೆಯನ್ನು ಪರೀಕ್ಷೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಕಳ್ಳಿಯಾಗಿಯೇ ಉಳಿದೆ. ಮಾರನೆಯ ಬೆಳಿಗ್ಗೆ ಅತ್ತಿಗೆ ಗುಂಪಿಗೆ ಶುಭೋದಯ ಎಂದು ಕಳಿಸಿದರು, ಜೊತೆಗೆ ಒಂದು ಟುಲಿಪ್ ಹೂವಿನ ಚಿತ್ರ.

ಗಡ್ಡೆ ಎದ್ದಿತು. ಮಳೆ ಹಿಡಿಯುವ ಹೊತ್ತಿಗೆ ಸೊಂಟದೆತ್ತರ, ಶ್ರಾವಣಕ್ಕೆ ಮೊದಲ ಮೊಗ್ಗು. ಗಾಳಿಗೆ ಮುರಿಯದಂತೆ ಕಾಫಿ ಗೂಟ ನೆಟ್ಟು ಬಾಳೆ ನಾರಿನಲ್ಲಿ ಕಟ್ಟಿದೆ. ಅರಳಿದ ದಿನ ಮೋಡ ಕವಿದಿತ್ತು, ಕರ್ರಗೆ ಕಂಡಿತು. ಅವ್ವನದೇ. ಸಂತೋಷವಾಯಿತೇ ಎಂದರೆ ಆಯಿತು, ಆದರೆ ಅದನ್ನು ನೋಡುವಾಗಲೆಲ್ಲ ಆ ವಿಡಿಯೋದ ಬೆನ್ನೂ ನೆನಪಾಗುತ್ತಿತ್ತು. ಕದ್ದು ತಂದಾಗ ಇರಬೇಕಾದ ಖುಷಿಯನ್ನು ಅಣ್ಣ ಅತ್ತಿಗೆ ಕಿತ್ತುಕೊಂಡಿದ್ದರು.

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಬೇಕಲ್ಲ. ಅಣ್ಣ ಅತ್ತಿಗೆ ಜೀಪಿನಲ್ಲಿ ಬಂದರು. ಅಣ್ಣ ನಮ್ಮ ಮನೆಯವರ ಜೊತೆ ಮೆಣಸಿನ ಬಳ್ಳಿ ನೋಡಲು ತೋಟಕ್ಕೆ ಇಳಿದ. ವಿಡಿಯೋದ ಮಾತು ಅವನಿಗೆ ಮರೆತೇ ಹೋಗಿತ್ತು, ಹೊಡೆದವನಿಗೆ ಮರೆತು ಹೋಗುತ್ತದೆ. ಅತ್ತಿಗೆ ಮೊರದ ಬಾಗಿನ ಕೊಟ್ಟರು, ನಾನು ಕಾಲು ಮುಟ್ಟಿ ತೆಗೆದುಕೊಂಡೆ. ಆಮೇಲೆ ಅವರು ಬಾವಿಯ ಕಡೆ ಹೋದರು. ಕರಿ ಡೇರೆಯ ಹತ್ತಿರ ಬಹಳ ಹೊತ್ತು ನಿಂತರು. ಹೂವನ್ನು ಮುಟ್ಟಲಿಲ್ಲ, ಹೊಗಳಲಿಲ್ಲ.

ಜಗಲಿಗೆ ಬಂದು ಕೂತು ಹೇಳಿದರು: "ಹಿತ್ಲಿಗೂ ಕಾಂಕ್ರೀಟ್ ಹಾಕ್ಸಿಬುಟ್ರು ಕಣೇ ನಿಮ್ಮಣ್ಣ. ತೊಟ್ಟಿ ಪಕ್ಕದ ಮಣ್ಣೆಲ್ಲ ಲಾರಿಗೆ ತುಂಬ್ಸಿ ಕಳಿಸ್ಬುಟ್ರು." ಕಾಲು ಮಡಿಸಿ ಸರಿಯಾಗಿ ಕೂತರು. "ಯಾಕೋ ಬಾಯಾರ್ತೈತೆ. ಒಂದ್ಲೋಟ ಕಾಪಿ ಕಾಯ್ಸು."

ನಾನು ಏಳಲಿಲ್ಲ.

"ಏನಾದ್ರೂ ಬೇಕಿತ್ತಾ ಅತ್ತಿಗೆ?" ಅಂದೆ. "ಕೇಳಿದ್ರೆ ಕೊಡ್ತಿರ್ಲಿಲ್ವಾ?"

ಅವರ ಮುಖ ಕಪ್ಪಿಟ್ಟಿತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಅವತ್ತು ನಾನು ಕೆಮ್ಮಿದ್ದು ನಿಂಗೆ ಕೇಳ್ಸಿತ್ತಲ್ವಾ?" ಅಂದರು.

"ನಂಗೆ ಕೇಳ್ಸಿತ್ತು. ಬೇರೆ ಯಾರಿಗೂ ಕೇಳ್ಸಿರ್ಲಿಲ್ಲ."

"ನಿಮ್ಮಣ್ಣನ ಮುಂದೆ ಎಂಗೆ ಹೇಳ್ಲಿ? ನೀನೇ ಕದಿಸ್ದೆ ಅಂತ ನನ್ನೂ ಗುಂಪಿಗೆ ಹಾಕೋರು. ಆ ಟುಲಿಪ್ ಕೊಳ್ತಾಗ ಎಷ್ಟ್ ಜನದ ಮುಂದೆ ಬೈಸ್ಕೊಂಡೆ ಅಂತ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಅವರು ಹೇಳಿದ್ದು ನಿಜವೂ ಹೌದು. ಅವರ ಜಾಗದಲ್ಲಿ ನಾನಿದ್ದರೂ ಬಾಯಿ ಬಿಡುತ್ತಿರಲಿಲ್ಲವೋ ಏನೋ. ಆದರೂ ನನ್ನ ಕಾಲು ಒಳಗೆ ಹೋಗಲು ಒಪ್ಪಲಿಲ್ಲ. ಅಡುಗೆಮನೆ ನಾಲ್ಕು ಹೆಜ್ಜೆ ದೂರದಲ್ಲಿತ್ತು, ಹಾಲು ಒಲೆಯ ಮೇಲೇ ಇತ್ತು. ನಾನು ಜಗಲಿಯ ಕಂಬಕ್ಕೆ ಒರಗಿ ಅವರನ್ನೇ ನೋಡುತ್ತಾ ಕೂತೆ. ತಪ್ಪು ಮಾಡಿದೆ ಎಂದು ನನಗೆ ಈಗಲೂ ಅನ್ನಿಸಿಲ್ಲ.

ಕೊನೆಗೆ ಅವರು ಕೇಳಿದರು. ನೆಲ ನೋಡಿಕೊಂಡು, ಬಾಯಿಬಿಟ್ಟು ಕೇಳಿದರು. "ಆ ಕರಿ ಡೇರೇದು ಒಂದ್ ಕವಲು ಕೊಡು. ಒಂದ್ ಡಬ್ಬದಾಗಾದ್ರೂ ಹಾಕ್ಕೊತೀನಿ."

ಹೂವಿನ ಕಾಲದಲ್ಲಿ ಗಡ್ಡೆ ಕೀಳುವುದಿಲ್ಲ, ಬುಡದ ಕವಲನ್ನು ಮುರಿದು ನೆಟ್ಟರೆ ಬೇರು ಬಿಡುತ್ತದೆ. ನಾನು ಹೋಗಿ ಒಳ್ಳೆಯ ಕವಲನ್ನೇ ಆರಿಸಿ ಕುಡುಗೋಲಿನಿಂದ ಕೊಯ್ದೆ. ಬುಡಕ್ಕೆ ಒದ್ದೆ ಮಣ್ಣು ಮೆತ್ತಿ, ಬಾಳೆಲೆ ಸುತ್ತಿ, ಕವರಿಗೆ ಹಾಕಿ, ನನ್ನ ಕೈಯಾರೆ ಅವರ ಕೈಗೆ ಕೊಟ್ಟೆ. ಕೇಳಿ ತಂದ ಗಿಡ ಏಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಅದನ್ನು ಹೇಳಲಿಲ್ಲ.

ಊಟ ಮುಗಿಸಿ ಅವರು ಹೊರಟರು. ಜೀಪು ತಿರುವು ದಾಟಿದ ಮೇಲೆ ನೋಡುತ್ತೇನೆ, ಕವರು ಜಗಲಿಯ ಮೂಲೆಯಲ್ಲೇ ಇತ್ತು. ಮರೆತು ಹೋದದ್ದಲ್ಲ. ಅತ್ತಿಗೆ ಯಾವುದನ್ನೂ ಮರೆಯುವವರಲ್ಲ, ಹಬ್ಬದ ಕಜ್ಜಾಯ ಹಾಕಿಕೊಟ್ಟ ಡಬ್ಬಿಯನ್ನು ನೆನಪಿನಿಂದ ತೆಗೆದುಕೊಂಡು ಹೋಗಿದ್ದರು. ನಾನು ಬಾವಿಯ ಹತ್ತಿರ ಓಡಿದೆ. ಹೋಗುವ ಮುಂಚೆ, ನಾನು ಊಟದ ಎಲೆ ತೆಗೆಯುತ್ತಿದ್ದಾಗಲಾದರೂ, ತಾವೇ ಒಂದು ಕವಲು ಮುರಿದುಕೊಂಡಿರಬಹುದು ಎಂದು ಗಿಡವನ್ನು ಸುತ್ತಲೂ ನೋಡಿದೆ. ನನ್ನ ಕುಡುಗೋಲಿನ ಗಾಯ ಬಿಟ್ಟರೆ ಬೇರೆ ಗಾಯ ಇರಲಿಲ್ಲ. ಕವರಿನಲ್ಲಿದ್ದದ್ದು ಮಾರನೆಯ ದಿನಕ್ಕೆ ಬಾಡಿಹೋಯಿತು.

ಈಗ ಮತ್ತೆ ಆಷಾಢ. ಮಳೆ ಹಿಡಿದು ಕೂತಿದೆ. ಡೇರೆಯ ಬುಡದಲ್ಲಿ ನೀರು ನಿಲ್ಲದಿರಲೆಂದು ದಿನವೂ ಗುದ್ದಲಿ ಹಿಡಿದು ಕಾಲುವೆ ಬಿಡಿಸುತ್ತೇನೆ. ಯಾರಾದರೂ ಬಂದು ಬಾಯಾರಿದೆ ಅನ್ನಲಿ ಎಂದು ಕಾಯುತ್ತೇನೆ, ಹಾಗೆ ಅಂದರೆ ಒಳಗೆ ಹೋಗಿ ಇಡೀ ಮಧ್ಯಾಹ್ನ ಕಾಫಿ ಕಾಯಿಸಲು ನಾನು ತಯಾರಿದ್ದೇನೆ. ಆದರೆ ಆ ವಿಡಿಯೋ ಓಡಾಡಿದ ಮೇಲೆ ನಮ್ಮ ನೆಂಟರಲ್ಲಿ ಯಾವ ಹೆಂಗಸೂ ಯಾರ ಮನೆಯ ಗಿಡಕ್ಕೂ ಕೈ ಹಾಕುವುದಿಲ್ಲ. ಮೊನ್ನೆ ಪಕ್ಕದ ತೋಟದವಳು ಬಂದಿದ್ದಳು. ಗಿಡದ ಹತ್ತಿರ ನಿಂತಳು, ಸೂರಿನ ಕಡೆ ಕಣ್ಣಾಡಿಸಿದಳು, "ನಿಮ್ಮನೇಲೂ ಕ್ಯಾಮೆರಾ ಐತಾ ಅಕ್ಕ?" ಎಂದು ನಕ್ಕು, ಕಾಫಿಯೂ ಬೇಡವೆಂದು ಹೋದಳು.

ಹೀಗಾಗಿ ಅವ್ವನ ಕರಿ ಡೇರೆ ಇರುವುದು ನನ್ನ ಬಾವಿಯ ಹತ್ತಿರ, ಒಂದೇ ಕಡೆ. ಈ ಮಳೆಗೆ ಅದು ಕೊಳೆತರೆ, ಹೋಗಿ ಜಗಲಿಯ ಮೇಲೆ ಕೂತು ಬಾಯಾರಿದೆ ಅನ್ನಲು ನನಗೆ ಒಂದು ಮನೆಯೂ ಉಳಿದಿಲ್ಲ.